ಊಟದ ಮೇಜಿನ ಮೇಲೆ ಗೂಡ್ಸ್ ರೈಲು

ಗೇಮಿಂಗ್ ಲ್ಯಾಪ್‌ಟಾಪು ತಯಾರಿಸುವ ಸಂಸ್ಥೆಯ ಗ್ರಾಹಕಾಭಿಪ್ರಾಯ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಯಂತ್ರಗಳೂ ಸದಾ ತಣ್ಣಗಿರಲೆಂದು, ಅದರಲ್ಲೂ ಯಂತ್ರಗಳು ಒಂದಿಷ್ಟು ಹೆಚ್ಚಾಗಿಯೇ ತಣ್ಣಗಿರಲೆಂದು ಮನಸಾರೆ ಹಾರೈಸಿ ಈ ಪತ್ರ ಬರೆಯುತ್ತಿದ್ದೇನೆ. 'ನಮ್ಮ ಲ್ಯಾಪ್‌ಟಾಪನ್ನು ಮೌಲ್ಯಮಾಪನ ಮಾಡಿ' ಎಂದು ತಾವು ನನ್ನ ಫೋನಿಗೆ ಹನ್ನೊಂದು ಸಲ ಸಂದೇಶ ಕಳಿಸಿದ್ದೀರಿ. ತಮಗೆ ಬೇಕಾದದ್ದು ಐದು ನಕ್ಷತ್ರವೆಂಬುದು ಗೊತ್ತಿದೆ. ಆದರೆ ಮೂವತ್ತೊಂದು ವರ್ಷ ಗಣಿತದ ಉತ್ತರ ಪತ್ರಿಕೆಗಳ ಮೇಲೆ ಕೆಂಪು ಪೆನ್ನು ಆಡಿಸಿದವಳನ್ನು ಮೌಲ್ಯಮಾಪನಕ್ಕೆ ಕರೆದ ಮೇಲೆ, ಬರುವ ಅಂಕವನ್ನು ತಾವು ಬಾಯಿ ಮುಚ್ಚಿಕೊಂಡು ಸ್ವೀಕರಿಸಲೇಬೇಕು.

ನಮ್ಮ ಯಜಮಾನರು ಮೂವತ್ನಾಲ್ಕು ವರ್ಷ ಗೂಡ್ಸ್ ರೈಲು ಓಡಿಸಿದವರು. ನಿವೃತ್ತಿಗೆ ಎರಡು ವರ್ಷವಿದ್ದಾಗ ಇಲಾಖೆಯ ಡಾಕ್ಟರು ಎಡಗಣ್ಣಿನ ದೃಷ್ಟಿ ಸಾಲದೆಂದು ಬರೆದು, ಇವರನ್ನು ಇಂಜಿನ್ನಿನಿಂದ ಇಳಿಸಿ ಮನೆಗೆ ಕಳಿಸಿಬಿಟ್ಟರು. 'ಆ ಡಾಕ್ಟ್ರಿಗೇ ಕನ್ನಡಕ ಬೇಕು' ಎಂದು ಒಂದೇ ಒಂದು ಮಾತು ಹೇಳಿ, ಆಮೇಲೆ ನಾಲ್ಕು ತಿಂಗಳು ಅಡುಗೆಮನೆಯ ಕಿಟಕಿಯ ಪಕ್ಕ ಕುಳಿತರು. ಊಟಕ್ಕೆ ಕರೆದರೆ ಬರುವರು, ಮುಗಿಸಿ ಮತ್ತೆ ಕಿಟಕಿಗೆ ಹೋಗುವರು. ಜಗಳಕ್ಕೂ ಸಿಗದ ಗಂಡನೊಂದಿಗೆ ಸಂಸಾರ ಮಾಡುವುದು ಎಷ್ಟು ಕಷ್ಟವೆಂದು ತಮ್ಮ ಮನೆಯವರನ್ನೇ ಕೇಳಿ ನೋಡಿ.

ಆಗ ನನ್ನ ತಂಗಿ, 'ಅಕ್ಕಾ, ಕಂಪ್ಯೂಟರಲ್ಲಿ ರೈಲು ಓಡಿಸೋ ಆಟ ಇದೆಯಂತೆ, ಭಾವನಿಗೆ ತರಿಸಿಕೊಡು' ಎಂದಳು. ಅಂಗಡಿಯವರು, 'ಸಾಧಾರಣ ಲ್ಯಾಪ್‌ಟಾಪಲ್ಲಿ ಈ ರೈಲು ಹಳಿ ಮೇಲೆ ನಿಲ್ಲಲ್ಲಮ್ಮಾ' ಎಂದರು. ಹಾಗಾಗಿ ತಮ್ಮ ಮಹಾಯಂತ್ರವು ನಮ್ಮ ಊಟದ ಮೇಜಿಗೆ ದಯಮಾಡಿಸಿತು.

ವೇಗಕ್ಕೆ ಪೂರ್ಣಾಂಕ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಐವತ್ತೆಂಟು ಬೋಗಿಗಳು ಹೊರಟು ನಿಂತಿರುತ್ತವೆ. ಚಾರ್ಜರನ್ನು ಎತ್ತಿ ನೋಡಿದಾಗ ಮಾತ್ರ ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಯ ಅರ್ಥ ಈ ವಯಸ್ಸಿನಲ್ಲಿ ಪೂರ್ತಿ ಮನವರಿಕೆಯಾಯಿತು. ಯಂತ್ರದಡಿಯ ಮೇಜುಬಟ್ಟೆ ತಾನಾಗಿ ಇಸ್ತ್ರಿಯಾಗುತ್ತಿರುವುದರಿಂದ, ಮುಂದಿನ ಮಾದರಿಯಲ್ಲಿ ಸೀರೆಗೂ ಸಾಲುವಷ್ಟು ಅಗಲ ಕೊಡಬೇಕೆಂದು ವಿನಂತಿ. ಬ್ಯಾಟರಿಯ ವಿಷಯ ಬರೆಯಲು ಸಂಕೋಚವಾಗುತ್ತದೆ: ಮಿಕ್ಸಿಗಾಗಿ ನಾನು ಪ್ಲಗ್ ಕಿತ್ತ ಮೂವತ್ತೆಂಟನೇ ನಿಮಿಷಕ್ಕೆ, ಎರಡು ಸಾವಿರ ಟನ್ ಕಲ್ಲಿದ್ದಲು ನಡುಸೇತುವೆಯ ಮೇಲೆ ಕತ್ತಲಾಗಿ ಹೋಯಿತು. ಕೀಲಿಮಣೆಯ ಬಣ್ಣದ ದೀಪಗಳನ್ನು ಯಜಮಾನರು ಮೊದಲ ದಿನವೇ ಆರಿಸಿಬಿಟ್ಟರು. 'ಸಿಗ್ನಲ್ ಅಂದ್ರೆ ಒಂದಿರಬೇಕು ಕಣೇ, ಇಲ್ಲಿ ನೂರು ಉರೀತಿವೆ, ಯಾವುದನ್ನು ನಂಬಲಿ?' ಎಂಬುದು ಅವರ ಆಕ್ಷೇಪ.

ಇನ್ನು ಫ್ಯಾನು. ಪಕ್ಕದ ಮನೆಯ ದರ್ಜಿ ಬಾಗಿಲಿಗೇ ಬಂದು, 'ಟೀಚರೇ, ಹಿಟ್ಟಿನ ಗಿರಣಿ ಇಟ್ರಾ?' ಎಂದು ಕೇಳಿದರು. ನಾನು ಹತ್ತು ಅಂಕ ಕಳೆದೆ. ಯಜಮಾನರು, 'ಸದ್ದಿಲ್ಲದ ಇಂಜಿನ್ನನ್ನ ನಂಬೋದು ಹೇಗೆ?' ಎಂದು ತಕರಾರು ತೆಗೆದು ಅದರಲ್ಲಿ ಐದನ್ನು ವಾಪಸು ಹಾಕಿಸಿದರು. ನಾಲ್ಕು ತಿಂಗಳ ನಂತರ ನಮ್ಮ ನಡುವೆ ನಡೆದ ಮೊದಲ ಜಗಳವದು.

ಅಂದಿನಿಂದ ಇವರು ಬೆಳಗ್ಗೆ ಎಂಟಕ್ಕೆ ಹಳೆಯ ನೀಲಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು, ಅಡುಗೆಮನೆಯಿಂದ ಊಟದ ಮೇಜಿನವರೆಗೆ ಡ್ಯೂಟಿಗೆ ಹೋಗತೊಡಗಿದರು. ಇವರು 'ಲೈನ್ ಕ್ಲಿಯರ್' ಎನ್ನುವವರೆಗೆ ನಾನು ನನ್ನದೇ ಮನೆಯ ಹೊಸ್ತಿಲಲ್ಲಿ ಪಾತ್ರೆ ಹಿಡಿದು ನಿಂತಿರಬೇಕಿತ್ತು.

ಎಂಟನೆಯ ದಿನ ಮಧ್ಯಾಹ್ನ, ಎಡತಿರುವಿನಲ್ಲಿದ್ದ ಕೆಂಪು ಸಿಗ್ನಲ್ಲನ್ನು ಇವರು ದಾಟಿಬಿಟ್ಟರು. ಎದುರು ಇನ್ನೊಂದು ಗಾಡಿ ನಿಂತಿತ್ತು. ಸೆಕೆಂಡಿಗೆ ನೂರ ಅರವತ್ತೈದು ಚಿತ್ರ ತೋರಿಸುವ ತಮ್ಮ ಪರದೆ ಆ ಡಿಕ್ಕಿಯನ್ನು ಒಂದು ಚೂರೂ ಬಿಡದೆ ತೋರಿಸಿತು. ಇವರು ಮುಚ್ಚಳ ಮುಚ್ಚಿ, ಅಂಗಿ ಬಿಚ್ಚಿ ಮಡಿಸಿಟ್ಟರು. 'ಮೂವತ್ನಾಲ್ಕು ವರ್ಷದಲ್ಲಿ ಒಂದೂ ದಾಟಿರಲಿಲ್ಲ. ಡಾಕ್ಟ್ರು ಸರಿಯಾಗೇ ಬರೆದಿದ್ರು ಕಣೇ' ಎಂದು ಹೇಳಿ ಕಿಟಕಿಯ ಪಕ್ಕ ಹೋಗಿ ಕುಳಿತರು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ.

ಮಾನ್ಯರೇ, ನನ್ನ ಮುಖ್ಯ ದೂರು ಇದೇ. ಒಬ್ಬ ಡಾಕ್ಟರು ನಾಲ್ಕು ತಿಂಗಳಲ್ಲಿ ಒಪ್ಪಿಸಲಾಗದ ಸತ್ಯವನ್ನು ಒಂದು ಕ್ಷಣದಲ್ಲಿ ಒಪ್ಪಿಸುವಷ್ಟು ಸ್ಪಷ್ಟವಾದ ಪರದೆಯನ್ನು ತಮ್ಮಿಂದ ಕೇಳಿದವರಾರು? ಕೊಂಚ ಮಸುಕಾಗಿ ಮಾಡಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಪರದೆಯ ಮೇಲೆ ತಪ್ಪು ಹೊರಿಸಿಯಾದರೂ ಇವರು ಒಂದು ತುತ್ತು ಉಣ್ಣುತ್ತಿದ್ದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಎಂಟಕ್ಕೆ ನಾನೇ ಲ್ಯಾಪ್‌ಟಾಪಿನ ಮುಚ್ಚಳ ತೆರೆದು, ಎಡಗಡೆಗೆ ಇನ್ನೊಂದು ಕುರ್ಚಿ ಎಳೆದು ಹಾಕಿ, ಕನ್ನಡಕ ಏರಿಸಿ ಕುಳಿತೆ.

'ಇದೇನೇ?' ಎಂದರು.

'ಎಡಗಡೆ ನಾನು ನೋಡ್ತೀನಿ, ಗಾಡಿ ನೀವು ಓಡಿಸಿ' ಎಂದೆ.

ಇವರು ಪರದೆಯನ್ನು ನನ್ನ ಕಡೆಗೆ ಒಂದಿಷ್ಟು ತಿರುಗಿಸಿದರು. ಆಮೇಲೆ ಅಂಗಿ ತೊಟ್ಟುಕೊಂಡು ಬಂದು, 'ಬರೀ ನೋಡಿದ್ರೆ ಸಾಲದು. ಸಿಗ್ನಲ್ ಕಂಡ ತಕ್ಷಣ ಬಣ್ಣ ಕೂಗಬೇಕು, ಕೇಳಿಸಿಕೊಂಡು ನಾನೂ ಕೂಗ್ತೀನಿ. ಇಬ್ರೂ ಕೂಗಿದ ಮೇಲೇ ಲೆಕ್ಕ' ಎಂದರು.

'ಮೂವತ್ತೊಂದು ವರ್ಷ ಕ್ಲಾಸಲ್ಲಿ ಕೂಗಿದೀನಿ, ಕೂಗೋದನ್ನ ನನಗೆ ಹೇಳಿಕೊಡಬೇಡಿ' ಎಂದೆ.

ಈಗ ದಿನವಿಡೀ ನಾನು 'ಹಸಿರು' ಎಂದರೆ ಇವರೂ 'ಹಸಿರು' ಎನ್ನುತ್ತಾರೆ. ಮದುವೆಯಾದಂದಿನಿಂದ ನಾವಿಬ್ಬರೂ ಒಂದೇ ಮಾತನ್ನು ಒಂದೇ ದಿನದಲ್ಲಿ ಇಷ್ಟು ಸಲ ಒಪ್ಪಿದ್ದಿಲ್ಲ. ಹಾಗೆಂದು ನನ್ನ ಸಂಕಷ್ಟ ಕಡಿಮೆಯೇನಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ ರಜೆಯಿಲ್ಲದ, ಬಡ್ತಿಯಿಲ್ಲದ ಸಹಾಯಕ ಚಾಲಕಿಯಾಗಿದ್ದೇನೆ. ನಿನ್ನೆ ಆಕಳಿಸಿದ್ದಕ್ಕೆ ಬಾಯಿಮಾತಿನ ನೋಟೀಸೂ ಆಗಿದೆ. ಆದ್ದರಿಂದ ಪ್ರತಿ ನಲವತ್ತು ನಿಮಿಷಕ್ಕೊಂದು ನಿಲ್ದಾಣವನ್ನೂ, ಅಲ್ಲಿ ಒಲೆ ನೋಡಿ ಬರುವಷ್ಟು ನಿಲುಗಡೆಯನ್ನೂ, ವಾರಕ್ಕೊಮ್ಮೆ ಬದಲಿ ಸಿಬ್ಬಂದಿಯನ್ನೂ ತಾವು ಒದಗಿಸಬೇಕಾಗಿ ಪ್ರಾರ್ಥನೆ.

ನೂರಕ್ಕೆ ಅರವತ್ತೆರಡು ಅಂಕ ನೀಡಿದ್ದೇನೆ. ಷರಾ: ತರಗತಿಯಲ್ಲಿ ವಿಪರೀತ ಗದ್ದಲ, ಬೇಗ ಬಿಸಿಯಾಗುವ ಸ್ವಭಾವ, ಆದರೂ ಪಕ್ಕದವರನ್ನು ಮಾತಾಡಿಸುವ ಗುಣವಿದೆ.

ಗಾಡಿ ಹೊರಡುವ ಹೊತ್ತಾಯಿತು, ಕರೆಯುತ್ತಿದ್ದಾರೆ.

ತಮ್ಮ ವಿಶ್ವಾಸಿ,
ಎಡಗಡೆ ಕುರ್ಚಿಯವಳು

ತಾ.ಕ.: ಡಿಕ್ಕಿಯಾದ ದಿನ ಸಿಟ್ಟಿನಲ್ಲಿ ನಾನು ಯಂತ್ರದ ವಾಪಸಾತಿಗೆ ಕೋರಿದ್ದೆ. ಅದನ್ನು ಒಯ್ಯಲು ತಾವು ಕಳಿಸಿದ ಕೊರಿಯರ್ ಮಹಾಶಯರು ನಿನ್ನೆ ಬಂದರು. 'ಸೇತುವೆ ಮೇಲಿದೀನಿ, ಕೂತ್ಕೊಳ್ಳಪ್ಪಾ' ಎಂದರು ಯಜಮಾನರು. ಅವರು ಕುಳಿತರು, ಮೂರು ನಿಲ್ದಾಣ ಪ್ರಯಾಣ ಮಾಡಿದರು, ಬಂದ ಕೆಲಸ ಮರೆತು ಎದ್ದು ಹೋದರು. ಅವರು ಬಿಟ್ಟುಹೋದ ತಮ್ಮ ವಾಪಸಾತಿ ಅರ್ಜಿಯಲ್ಲಿ ಏಳು ಕಾಗುಣಿತ ತಪ್ಪುಗಳಿದ್ದವು. ತಿದ್ದಿ ಲಗತ್ತಿಸಿದ್ದೇನೆ, ಒಂದೊಂದನ್ನೂ ಹತ್ತು ಸಲ ಬರೆದು ಸೋಮವಾರದೊಳಗೆ ತೋರಿಸತಕ್ಕದ್ದು.