ನಲವತ್ತೈದು ಅಡಿಯ ಮುಖ

ಪುರಸಭೆಯ ಜವಾನ ಕೆರಿಯ ತಂದುಕೊಟ್ಟ ಕಾಗದವನ್ನು ವಿಘ್ನೇಶ್ವರ ಹೆಗಡೆ ಮೊದಲ ಸಲ ಓದಿ ಕುಣಿದ. ಎರಡನೇ ಸಲ ಓದಿ ಜಗುಲಿಯ ಮೇಲೆ ಕುಸಿದು ಕೂತ.

ಕುಣಿಯಲು ಕಾರಣವಿತ್ತು. ಶಿರಸಿಯಿಂದ ಇಸಳೂರಿನ ಕಡೆ ಹೊರಟರೆ ಸಿಗುವ ಹೊಸ ಬಡಾವಣೆಯಲ್ಲಿ ಆಗ, ಅಂದರೆ ೧೯೬೪ರಲ್ಲಿ, ಇದ್ದದ್ದು ಏಳೇ ಮನೆ. ಮನೆಗಳೆದುರು ರಸ್ತೆಗೆಂದು ಬಿಟ್ಟ ಜಾಗವಿತ್ತು, ರಸ್ತೆ ಇರಲಿಲ್ಲ. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ವಿಘ್ನೇಶ್ವರ ಎರಡು ವರ್ಷದಿಂದ ಚಪ್ಪಲಿಯನ್ನು ಕಂಕುಳಲ್ಲಿ ಅವುಚಿಕೊಂಡು ಕೆಸರು ದಾಟುತ್ತ, ಅರ್ಜಿಯ ಮೇಲೆ ಅರ್ಜಿ ಬರೆಯುತ್ತಿದ್ದ. ಈಗ ರಸ್ತೆ, ಗಟಾರ, ನಳ ಮೂರೂ ಮಂಜೂರಾಗಿದ್ದವು.

ಕುಸಿದದ್ದು ಕೊನೆಯ ಎರಡು ಸಾಲು ಓದಿ. ಖರ್ಚಿನಲ್ಲಿ ಅರ್ಧ ಪುರಸಭೆಯದು. ಉಳಿದ ಸಾವಿರದ ನಾನೂರು ರೂಪಾಯಿಯನ್ನು ಆ ರಸ್ತೆಗೆ ಮುಖ ಮಾಡಿದ ಮನೆಯವರು, ಮುಖದ ಅಗಲಕ್ಕೆ ತಕ್ಕಂತೆ ಹಂಚಿಕೊಂಡು ಕಟ್ಟಬೇಕು. ಅಳತೆಗೆ ಓವರ್ಸಿಯರ್ ಸಾಹೇಬರು ಇವತ್ತೇ ಮೂರು ಗಂಟೆಗೆ ಬರುತ್ತಾರೆ.

ವಿಘ್ನೇಶ್ವರ ಡೌಲಿಗೆಂದು ಮನೆಯನ್ನು ನಿಂತ ರೈಲಿನ ಹಾಗೆ ಉದ್ದಕ್ಕೆ ಕಟ್ಟಿಸಿದ್ದ. ಒಂದರ ಪಕ್ಕ ಒಂದು ಮೂರು ಕೋಣೆ, ಮುಖ ನಲವತ್ತೈದು ಅಡಿ. ಅವನ ಪಾಲು ಮುನ್ನೂರ ಅರವತ್ತು ರೂಪಾಯಿ. ಸಂಬಳ ನೂರ ಹತ್ತು.

ಪಕ್ಕದ ಮನೆಯ ಅಂದಾನಪ್ಪ ಬನವಾಸಿ ಕಡೆಯ ಮೆಣಸಿನಕಾಯಿ ವ್ಯಾಪಾರಿ. ಬೇಲಿಯ ಮೇಲಿಂದ ಕತ್ತು ಚಾಚಿ ಹೇಳಿದ, "ಹೆಗಡೇರ, ಕಾಗದಾ ಸರೀ ಓದ್ರಿ. ರಸ್ತಾಕ್ಕ ಮುಖ ಮಾಡಿದ ಮನಿ ಅಂತ ಐತಿ. ನಿಮ್ಮ ಮನಿ ಮುಖ ಹಿಂದಿನ ಗಾಡಿಹಾದಿ ಕಡೆ ಇದ್ರ ಯಾರು ಏನ್ ಕೇಳ್ತಾರ?"

"ಆದ್ರೆ ಇರೋದು ಈ ಕಡೆಗಲ್ಲವೊ?"

"ಮೂರು ಗಂಟೆ ಮಟಾ ಟೈಮ್ ಐತ್ರಿ."

ವಿಘ್ನೇಶ್ವರ ಸೊಸೈಟಿಗೆ ರಜೆ ಹೇಳಿ ಕಳಿಸಿ ಪಂಚೆ ಎತ್ತಿ ಕಟ್ಟಿದ. ಮುಂಬಾಗಿಲಿಗೆ ಚಿಲಕ ಹಾಕಿ ಜಗುಲಿಯ ತುಂಬ ಸೌದೆ ಒಟ್ಟಿದ. ತೋರಣ, ಹೆಸರಿನ ಹಲಗೆ ಎಲ್ಲ ಹಿಂದಕ್ಕೆ ಹೋದವು. ತುಳಸಿ ಕುಂಡವನ್ನು ತಬ್ಬಿ ಎತ್ತುವಾಗ ಹೆಂಡತಿ ಪರಿಮಳಾ ಹೊರಗೆ ಬಂದಳು.

"ತುಳಸಿನ ಎಂತಕ್ಕೆ ಎತ್ತಿದ್ರಿ?"

"ಮನೆ ಮುಖ ತಿರುಗಿಸ್ತಾ ಇದ್ದಿ. ಯಾರಿಗೂ ಹೇಳಡ."

ಅವಳು ಯಾರಿಗೂ ಹೇಳಲಿಲ್ಲ. ಆದರೆ ಮೂರನೇ ಮನೆಯ ಶಾರದವ್ವ, ಗರ್ಭಿಣಿಯ ಹಾಗೆ ಕುಂಡ ಹೊತ್ತು ತೇಕುತ್ತ ಹೋಗುವ ಹೆಗಡೆಯನ್ನು ಕಿಟಕಿಯಿಂದ ನೋಡಿದ್ದಳು. ಶಾರದವ್ವ ನೋಡಿದ ಮೇಲೆ ಬಡಾವಣೆಗೆ ತಿಳಿಯಲು ಪತ್ರಿಕೆ ಬೇಕಿರಲಿಲ್ಲ.

ಎರಡು ಗಂಟೆಗೆ ಕೆರಿಯ ಮತ್ತೆ ಬಂದ. ಟೇಪು ಹಿಡಿಯಲು ಸಾಹೇಬರಿಗಿಂತ ಮೊದಲು ಬಂದು, ಪರಿಮಳಾ ಕೊಟ್ಟ ಮಜ್ಜಿಗೆ ಕುಡಿಯುತ್ತ ಅಂದ, "ಅಮ್ಮಾ, ಮುಖ ಇಲ್ದಿದ್ದ ಮನಿಗೆ ನಳ ಇಲ್ವಂತ್ರಾ."

ಪರಿಮಳಾ ಮಜ್ಜಿಗೆಯ ತಂಬಿಗೆ ಕೆಳಗಿಟ್ಟು ಗಂಡನ ಕಡೆ ತಿರುಗಿದಳು. "ಕೇಳ್ಚ? ಬಾವಿಯಿಂದ ನೀರು ಹೊತ್ತು ಹೊತ್ತು ಯನ್ನ ಸೊಂಟ ಹೋತು. ನಳ ಬರ್ತಿಲ್ಲೆ ಅಂದ್ರೆ ಆನು ಈಗ್ಲೇ ಮನ್ಮನೆಗೆ, ಅಪ್ಪನ ಮನೆಗೆ ಹೋಗ್ತೆ."

ಟ್ರಂಕು ಹೊರಗೆ ಬಂತು. ಟ್ರಂಕಿನ ಹಿಂದೆಯೇ ತುಳಸಿ ಕುಂಡವೂ ಬಂತು. ವಿಘ್ನೇಶ್ವರ ಸೌದೆ ಇಳಿಸಿದ, ತೋರಣ ಕಟ್ಟಿದ, ಹಲಗೆಗೆ ಮೊಳೆ ಹೊಡೆಯುವಾಗ ಹೆಬ್ಬೆರಳನ್ನೂ ಸೇರಿಸಿ ಹೊಡೆದ. ಮೂರಕ್ಕೆ ಐದು ನಿಮಿಷವಿರುವಾಗ ಅವನ ಮನೆ ಮೊದಲಿನ ಮುಖ ಹೊತ್ತು ನಿಂತಿತು.

ಓವರ್ಸಿಯರ್ ಸಾಹೇಬರು ಸೈಕಲ್ ಇಳಿದು ಸಾಲನ್ನೊಮ್ಮೆ ನೋಡಿದರು. ಆಗಲೇ ವಿಘ್ನೇಶ್ವರನೂ ನೋಡಿದ್ದು. ಅಂದಾನಪ್ಪನ ಬಾಗಿಲಿಗೆ ಮೆಣಸಿನಕಾಯಿ ಚೀಲಗಳು ಅಡ್ಡ. ಶಾರದವ್ವನ ಜಗುಲಿಯ ಮೇಲೆ ಕಟ್ಟಿದ ಎಮ್ಮೆ. ಉಳಿದ ಮನೆಗಳ ಮುಂದೆ ಒಣಹಾಕಿದ ಕೌದಿ, ಕಂಬಳಿ. ಆರು ಮನೆಗಳು ಸಿಟ್ಟಾದ ಬೀಗರ ಹಾಗೆ ಬೆನ್ನು ತಿರುಗಿಸಿ ನಿಂತಿದ್ದವು.

"ಈ ರಸ್ತೆಗೆ ಮುಖ ಇರೋದು ಒಂದೇ ಮನೆ," ಸಾಹೇಬರು ಬರೆದುಕೊಂಡರು. "ಹೆಗಡೆಯವರೇ, ಸಾವಿರದ ನಾನೂರೂ ನಿಮ್ಮದೇ."

ವಿಘ್ನೇಶ್ವರ ಹಿತ್ತಿಲಿಗೆ ಓಡಿದ. "ಅಂದಾನಪ್ಪ! ಮುಖ ತಿರುಗಿಸೋ ಮಾರಾಯ!"

ಹೊಸ ತೋರಣದ ಕೆಳಗೆ ಅಂದಾನಪ್ಪ ವಿಭೂತಿ ಹಚ್ಚಿಕೊಂಡು ಕೂತಿದ್ದ. "ಏನ್ ಮಾತ್ರಿ ಇದು? ನಮ್ಮನಿ ಮುಖ ಪಾಯಾ ಹಾಕಿದಾಗಿಂದ ಇದ ಕಡೆ ಐತಿ."

ವಿಘ್ನೇಶ್ವರ ಏದುಸಿರು ಬಿಡುತ್ತ ಬಂದು ಸಾಹೇಬರ ಎದುರು ಕೈಮುಗಿದ. "ನನಗೆ ರಸ್ತೆಯೇ ಬೇಡ. ನನ್ನ ಅರ್ಜಿಗಳನ್ನೆಲ್ಲ ಹರಿದುಹಾಕಿ."

"ಬರೆದುಕೊಡಿ," ಎಂದರು ಸಾಹೇಬರು. ಬರೆದುಕೊಟ್ಟ. ಅವರು ಅದನ್ನು ಮಡಿಸಿ ಜೇಬಿಗಿಟ್ಟು, "ಮಂಜೂರಾದ ಹಣ ವಾಪಸು ಹೋಗಬಾರದು. ಆರು ಮನೆಗಳ ಮುಖ ಹಿಂದಿನ ಹಾದಿಗಿದೆ. ರಸ್ತೆ ಅಲ್ಲೇ ಆಗಲಿ," ಎಂದರು.

ಸುದ್ದಿ ಹಿತ್ತಿಲು ಮುಟ್ಟಿತು. ಆರು ಮನೆಯವರ ಮುಖ ಸುಣ್ಣವಾಯಿತು. ಎಮ್ಮೆ ಬಿಚ್ಚಲು ಶಾರದವ್ವ ಓಡಿದಳು, ಹೊತ್ತು ಮೀರಿತ್ತು. ವಿಘ್ನೇಶ್ವರನಿಗೆ ಮಾತ್ರ ಬೆಳಗಿನಿಂದ ಮೊದಲ ಬಾರಿಗೆ ನಗು ಬಂತು. ಅಳತೆ ನೋಡಲು ತಾನೂ ಹಿಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತ.

ಟೇಪು ಆರು ಮನೆ ದಾಟಿ ಅವನ ಮನೆಯ ಹಿಂದೆ ನಿಂತಿತು. ಅದೇ ಹೊತ್ತಿಗೆ ಒಂದು ಕದ ಕಿರ್ರೆಂದು ತೆರೆದು, ಪರಿಮಳಾ ಹಂಡೆ ಒಲೆಯ ಬೂದಿ ಚೆಲ್ಲಲು ಗಾಡಿಹಾದಿಗೇ ಬಂದಳು.

"ಇದೇನು?" ಸಾಹೇಬರು ಕೇಳಿದರು.

"ಬಚ್ಚಲ ಬಾಗಿಲು, ಸಾಹೇಬ್ರೆ," ಎಂದ ವಿಘ್ನೇಶ್ವರ.

"ಬಾಗಿಲು ಹೌದಲ್ಲ? ರಸ್ತೆಗೆ ಬಾಗಿಲು ತೆರೆದರೆ ಅದೇ ಮುಖ. ಕೆರಿಯಾ, ಹಿಡಿ ಟೇಪು."

"ನಲವತ್ತೈದು ಅಡಿ, ಸಾಹೇಬ್ರಾ!" ಕೆರಿಯ ಕೂಗಿದ.

ಮುನ್ನೂರ ಅರವತ್ತು ರೂಪಾಯಿಯ ಚೀಟಿ ವಿಘ್ನೇಶ್ವರನ ಕೈಗೆ ಬಂತು. ಬೇಸಿಗೆಯೊಳಗೆ ಹಿಂದೆ ರಸ್ತೆಯಾಯಿತು, ನಳವೂ ಬಂತು. ಮುಂದೆ ಕೆಸರು ಹಾಗೇ ಉಳಿಯಿತು. ಮಳೆಗಾಲದಲ್ಲಿ ಮನ್ಮನೆಯಿಂದ ಮಾವ ಬಂದಾಗ, ಜರಿ ಶಾಲು ಹೊದ್ದ ಆ ಹಿರಿಯರನ್ನು ವಿಘ್ನೇಶ್ವರ ಬಚ್ಚಲ ಹಂಡೆಯ ಪಕ್ಕದಲ್ಲಿ ನಿಂತು, ತಲೆಬಾಗಿ, ಒಳಗೆ ಬರಮಾಡಿಕೊಂಡ.