ಮಾವನ ಮೈಸೆಲ್ಫ್

ನಿಜಾಮರ ರಾಜ್ಯದಲ್ಲಿ ಉದಗೀರದ ಬಟ್ಟೆ ಅಂಗಡಿಯವನೊಬ್ಬ ಒಂದೇ ಒಂದು ಇಂಗ್ಲಿಷ್ ಶಬ್ದದಿಂದ ಇಡೀ ಮನೆತನವನ್ನು ಹಣ್ಣುಗಾಯಿ ಮಾಡಿದ್ದ ಎಂದರೆ ನೀವು ನಂಬಲಿಕ್ಕಿಲ್ಲ. ಅವನು ನನ್ನ ಸೋದರಮಾವ. ಈಗ ನಂಬಿರಿ! ಆ ಶಬ್ದ ‘ಮೈಸೆಲ್ಫ್’.

ರೈಲಿನ ಹಾದಿ ಅಳೆಯಲು ಬಂದ ಸಾಹೇಬನೊಬ್ಬ ಬಟ್ಟೆ ಕೊಂಡು, ಗಂಟನ್ನು ಆಳಿಗೆ ಕೊಡದೆ, ಎದೆ ಮುಟ್ಟಿಕೊಂಡು ‘ಮೈಸೆಲ್ಫ್’ ಎಂದು ತಾನೇ ಹೊತ್ತು ನಡೆದನಂತೆ. ಜೊತೆಗಿದ್ದ ಮುನ್ಶಿ ಅರ್ಥ ಹೇಳಿದ. ಮಾವ ಅಲ್ಲಿಗೆ ಕೆಟ್ಟ. ನನಗೆ ಸಿಟ್ಟು ಬಂದದ್ದು ಯಾಕೆಂದರೆ, ಕಚೇರಿಯ ಉರ್ದುವಿನಲ್ಲಿ ‘ಖುದ್ದು’ ಇತ್ತು, ಪೇಟೆಯ ಮರಾಠಿಯಲ್ಲಿ ‘ಸ್ವತಃ’ ಇತ್ತು, ಮನೆಯ ಕನ್ನಡದಲ್ಲಿ ‘ನಾನೇ’ ಇತ್ತು. ಮೂರು ಇದ್ದ ಮನೆಗೆ ನಾಲ್ಕನೆಯದು ಯಾಕೆ? ಕೇಳಿಯೇ ಬಿಟ್ಟೆ.

“ತಹಶೀಲ್ದಾರ ಖುದ್ದ ಬರ್ತೀನಿ ಅಂತಾನ, ಚಪರಾಸಿ ಬರ್ತಾನ. ಪಾಟೀಲ ಸ್ವತಃ ಬಿತ್ತೀನಿ ಅಂತಾನ, ಬಿತ್ತಿದಂವಾ ಆಳು. ನಿನ್ನ ಗಂಡ ನಾನಽ ಮಾಡೀನಿ ಅಂದ್ರ, ಮಾಡಿದಾಕಿ ನೀನು. ಮೂರೂ ಎಂಜಲಾಗ್ಯಾವ ಯವ್ವಾ.”

ಅಲ್ಲೇ ಉಣ್ಣುತ್ತಿದ್ದ ನನ್ನ ಗಂಡ ರೊಟ್ಟಿಯನ್ನು ಅತಿ ಶ್ರದ್ಧೆಯಿಂದ ಮುರಿಯತೊಡಗಿದರು.

ಮರುದಿನ ಮಾವ ಕ್ಷೌರದವನನ್ನು ಬಿಡಿಸಿ ತಾನೇ ಕತ್ತಿ ಹಿಡಿದ. ಎಡಮೀಸೆ ಹೋಯಿತು. ಲೋಹಾರಾ ಊರಿನ ಮದುವೆಯಲ್ಲಿ ಮೂರು ದಿನವೂ ಬಲಗಡೆ ಕೂತವರೊಡನೆ ಮಾತ್ರ ಮಾತಾಡಿದ! ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವುದು ಓಣಿಯೆಲ್ಲ ಕೂಡಿ ಮಾಡುವ ಕೆಲಸ. ಇವನು ಒಬ್ಬನೇ ಏರಿದ; ಏಣಿ ಜಾರಿ ಬಿತ್ತು. ಎತ್ತಿ ಹಚ್ಚಲು ಬಂದವರನ್ನು ಬೈದು ಕಳಿಸಿದ. ಮಧ್ಯಾಹ್ನ ಅವನ ಹೆಂಡತಿ, ಅಂದರೆ ನಮ್ಮತ್ತೆ, ಅಂಗಳದಲ್ಲಿ ನಿಂತು, “ಬುತ್ತಿ ಮ್ಯಾಲ ಒಗೀಲೋ, ಒಲಿ ಅಲ್ಲೇ ಹೂಡ್ತೀರೋ?” ಎಂದಳು. ಅವಮಾನ ತಾಳದೆ ಬೇವಿನ ಕೊಂಬೆ ಹಿಡಿದು ಇಳಿದ. ಕೊಂಬೆಯೂ ಜೊತೆಗೇ ಇಳಿಯಿತು.

ಇಷ್ಟಾದರೆ ನಕ್ಕು ಬಿಡಬಹುದಿತ್ತು. ಮುಂದೊಂದು ವರ್ಷ ಲಕ್ವಾ ಹೊಡೆದು ಅವನ ಎಡಗೈ ಬಿದ್ದುಹೋಯಿತು. ನಮ್ಮಲ್ಲಿ ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ತುತ್ತು ಮುಟ್ಟುವುದಿಲ್ಲ. ಆ ಅಂಗೈ ಈಗ ಲಿಂಗ ತಾಳದು. ಎರಡು ದಿನ ಮಾವ ನೀರನ್ನೂ ಒಲ್ಲೆನೆಂದ. ಅವನ ಬದಲು ತಾವು ಪೂಜೆ ಮಾಡುತ್ತೇವೆಂದು ಬಂದ ಮಠದ ಅಯ್ಯನವರಿಗೆ, “ನೀವು ಉಂಡ್ರ ನನ್ನ ಹಸಿವಿ ಹೋಗತದೇನ್ರೀ?” ಎಂದು ಕೇಳಿ ಕಳಿಸಿದ. ಅತ್ತೆ ಗೋಡೆ ಹಿಡಿದು ಕೂತಳು.

ನನಗೆ ತಡೆಯಲಾಗಲಿಲ್ಲ. ಸಾಹೇಬನನ್ನೂ ಅವನ ರೈಲನ್ನೂ ಸೇರಿಸಿ ಬೈದೆ. ಅತ್ತೆಯ ಕುಂಕುಮ ಅಳಿಸುವ ಕೆಲಸವನ್ನೂ ನಿನ್ನ ಕೈಯಿಂದಲೇ ಮಾಡುವವನೇನು ಎಂದುಬಿಟ್ಟೆ. ಮಾವ ಬಲಗೈಯಿಂದ ಎಡಗೈಯನ್ನೆತ್ತಿ ನನ್ನ ಕಡೆ ಸರಿಸಿದ.

“ಇದರ ಬುಡಕ ನಿನ್ನ ಕೈ ಇಡು.”

ನನ್ನ ಅಂಗೈಯ ಮೇಲೆ ಅವನ ಅಂಗೈ, ಅದರ ಮೇಲೆ ಲಿಂಗ. ವಿಭೂತಿ ಹಚ್ಚಿದ, ಪತ್ರಿ ಏರಿಸಿದ. ಪೂಜೆ ಎಂದಿಗಿಂತ ಉದ್ದವಾಯಿತು. ನನ್ನ ತೋಳು ಜೋಮು ಹಿಡಿಯಿತು. ಕಣ್ಣು ತೆರೆಯದೆ ಕೇಳಿದ:

“ಭಾರ ಆತೇನು?”

ಇಲ್ಲವೆಂದೆ. ಒಳಗೆ ಅತ್ತೆ ಒಲೆ ಹೊತ್ತಿಸಿದಳು.