ಟೈಮ್‌ಕೀಪರ್ ಮಾವನ ಕೊನೆಯ ದೋಣಿ

ಕಣ್ಣೀರಿಲ್ಲದ ಮನುಷ್ಯ ಈ ಭೂಮಂಡಲದಲ್ಲೇ ಇಲ್ಲ. ಸರಿಯಾದ ಆಟ ಸಿಗದೆ ಅದು ಒಳಗೇ ನಿಂತಿರುತ್ತದೆ, ಅಷ್ಟೆ! ಇದು ನನ್ನ, ಅಂದರೆ ಉಮಾನಾಥನ, ಸಿದ್ಧಾಂತವಾಗಿತ್ತು. 2004ರಲ್ಲಿ ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ನನ್ನದೊಂದು ಕಂಪ್ಯೂಟರ್ ಆಟಗಳ ಸಿ.ಡಿ. ಅಂಗಡಿ. ಗುಂಡು ಹಾರಿಸುವ ಆಟ ಕೇಳಿಕೊಂಡು ಬಂದವರನ್ನೂ ಹಿಡಿದು ನಿಲ್ಲಿಸಿ, ಕಥೆ ಇರುವ ಆಟ ಕೊಟ್ಟು ಕಳಿಸುತ್ತಿದ್ದೆ.

“ಗುಂಡು ಹಾರಿಸಿ ಎಂತ ಸಿಗ್ತದೆ? ಇದನ್ನು ಆಡಿ. ಮುಗಿಯುವಾಗ ಕಣ್ಣು ಒರೆಸಲಿಕ್ಕೆ ಪಕ್ಕದಲ್ಲಿ ಒಂದು ಬೈರಾಸು ಇಟ್ಟುಕೊಳ್ಳಿ!”

ಮೆಡಿಕಲ್ ಓದುವ ಹುಡುಗರು ಮೂರು ದಿನ ಬಿಟ್ಟು ಕೆಂಪು ಕಣ್ಣು ಮಾಡಿಕೊಂಡು ಬಂದು ನನ್ನ ಕೈ ಕುಲುಕಿದ್ದುಂಟು. ಎಲ್ಲದರಲ್ಲೂ ‘ಆಚೆ ದಡ’ ನನ್ನ ಬ್ರಹ್ಮಾಸ್ತ್ರ. ಇಂಗ್ಲಿಷ್ ಹೆಸರನ್ನು ಕನ್ನಡಕ್ಕೆ ತಂದವನೂ ನಾನೇ. ಒಂದು ದ್ವೀಪ, ಏರುತ್ತಿರುವ ನೀರು, ಜನರನ್ನು ದಾಟಿಸುವ ಒಬ್ಬ ಮುದುಕ ಅಂಬಿಗ. ಆಡುವವನೇ ಅಂಬಿಗ.

ಇಂಥ ನಾನು ಒಂದು ದಿನ ಊಟದ ಹೊತ್ತಿಗೆ ಹೆಂಡತಿ ಪ್ರಣೀತಾಳ ಮುಂದೆ ಘೋಷಿಸಿದೆ: “ನಿನ್ನ ಅಪ್ಪನ ಕಣ್ಣಲ್ಲಿ ನೀರು ತರಿಸಿಯೇ ತೀರುತ್ತೇನೆ!”

“ಅದಕ್ಕೆ ಆಟ ಯಾಕೆ? ನಿಮ್ಮ ಮಾತು ಅರ್ಧ ಗಂಟೆ ಕೇಳಿದ್ರೆ ಸಾಕು” ಎಂದಳು.

ಅವಳ ತಂದೆ ಸುಂದರ ಮಾವ ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಟೈಮ್‌ಕೀಪರ್ ಆಗಿದ್ದವರು. ಗಡಿಯಾರ ನೋಡಿ ಸೀಟಿ ಊದಿ ಬಸ್ಸು ಬಿಡುವುದೇ ಕೆಲಸ. ನಮ್ಮ ಮದುವೆಯ ದಿನ ಹಾಲ್‌ಗೆ ಹಾಲೇ ಅಳುತ್ತಿದ್ದರೆ, ಇವರು ಕೈಗಡಿಯಾರ ನೋಡಿ, “ನಾಲ್ಕು ಇಪ್ಪತ್ತಾಯ್ತು, ಇನ್ನು ಬಿಡಿ” ಎಂದು ಮಗಳ ಕಾರಿನ ಬಾಗಿಲು ಹಾಕಿದ ಮಹಾನುಭಾವರು!

ಇವರಿಗೆ ಒಬ್ಬಳೇ ತಂಗಿ, ಕಮಲತ್ತೆ. ಹನ್ನೊಂದು ವರ್ಷದ ಹಿಂದೆ ಕಾಪುವಿನಲ್ಲಿದ್ದ ತಾಯಿಗೆ ಸೀರಿಯಸ್ ಎಂದು ಕಮಲತ್ತೆಯ ಪಕ್ಕದ ಮನೆಗೆ ಫೋನು ಬಂದು, ಈಕೆ ಕಾರ್ಕಳ ಬಸ್ ಸ್ಟ್ಯಾಂಡಿಗೆ ಓಡಿ ಬಂದರಂತೆ. ವಿಷಯ ಗೊತ್ತಿಲ್ಲದ ಮಾವ ಸಮಯಕ್ಕೆ ಸರಿಯಾಗಿ ಸೀಟಿ ಊದಿದರು. ಬಸ್ಸು ಹೋಯಿತು. ಮುಂದಿನ ಬಸ್ಸು ಹಿಡಿದು ಕಮಲತ್ತೆ ಕಾಪು ಮುಟ್ಟುವಾಗ ತಾಯಿ ಇರಲಿಲ್ಲ. “ಅಣ್ಣ ನನ್ನನ್ನು ನೋಡಿಯೂ ಬಸ್ಸು ಬಿಟ್ಟ” ಎಂದು ತಂಗಿ, “ನಾನು ನೋಡಲೇ ಇಲ್ಲ” ಎಂದು ಅಣ್ಣ. ಅಂದಿನಿಂದ ಮಾತು ಬಂದ್. ಕಮಲತ್ತೆ ಪಡುಬಿದ್ರಿಯ ಮಗಳ ಮನೆ ಸೇರಿದ್ದರು.

ಆ ಏಪ್ರಿಲ್‌ನಲ್ಲಿ ಮಾವ ಕಾಲು ಮುರಿದುಕೊಂಡು, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಪರ್ಕಳದ ನಮ್ಮ ಮನೆಗೆ ಬಂದರು. ಓಡಿಹೋಗಲಾರದ ಗಿರಾಕಿ! ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿ, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು, ‘ಆಚೆ ದಡ’ ಹಾಕಿಕೊಟ್ಟೆ. “ಬಾಣದ ಗುಂಡಿ ಒತ್ತಿದ್ರೆ ದೋಣಿ ಹೋಗ್ತದೆ ಮಾವ. ಈ ಉದ್ದದ ಗುಂಡಿ ಒತ್ತಿದ್ರೆ ಸೀಟಿ.”

“ಇದೆಲ್ಲ ಮಕ್ಕಳಿಗೆ” ಎಂದು ಮುಖ ತಿರುಗಿಸಿದ ಮಾವ, ‘ಸೀಟಿ’ ಎಂದ ಕೂಡಲೇ ತಿರುಗಿ ನೋಡಿದರು. “ಟೈಮಿಂಗ್ಸ್ ಉಂಟಾ ಇದಕ್ಕೆ?”

ಉಂಟು! ಪರದೆಯ ಮೂಲೆಯಲ್ಲಿ ಗಡಿಯಾರವೇ ಉಂಟು!

ಮುಗಿಯಿತು ಕಥೆ. ಶಾಲೆಗೆ ರಜೆ ಇದ್ದ ಟೀಚರ್ ಪ್ರಣೀತಾ ಪಕ್ಕದಲ್ಲಿ ಕೂತು ಇಂಗ್ಲಿಷನ್ನು ತುಳುವಿಗೆ ತಿರುಗಿಸಿ ಹೇಳುವುದು, ಮಾವ ದೋಣಿ ಬಿಡುವುದು. ಮೂರು ದಿನದಲ್ಲಿ ಆ ದ್ವೀಪದ ದೋಣಿ ಒಂದು ನಿಮಿಷವೂ ತಡವಾಗಲಿಲ್ಲ. ಪರದೆಯ ಪ್ರಯಾಣಿಕರಿಗೆ ಬೈಗುಳ ಬೇರೆ: “ಬೇಗ ಹತ್ತು ಮಾರಾಯ, ಮದುವೆಗೆ ಹೋಗುದಾ?” ಕಂಕುಳಲ್ಲಿ ಕೋಳಿ ಹಿಡಿದ ಒಬ್ಬಳು ಹುಡುಗಿಯಂತೆ, ದಿನಾ ಕೊನೆಯ ಗಳಿಗೆಯಲ್ಲಿ ಓಡಿ ಬರುವವಳಂತೆ. ಅವಳನ್ನು ಕಂಡರೆ ಮಾವನಿಗೆ ಉರಿ. ಆದರೂ ನಾಲ್ಕನೇ ದಿನ ಬೆಳಿಗ್ಗೆ ಚಾ ಕುಡಿಯುತ್ತಾ, “ಆ ಕೋಳಿ ಹುಡುಗಿಗೆ ಇವತ್ತು ಜ್ವರವಂತೆ” ಎಂದು ಪಕ್ಕದ ಮನೆಯ ಸುದ್ದಿಯಂತೆ ನನಗೆ ಹೇಳಿದರು. ನಾನು ಗೆದ್ದವನ ನಗೆ ನಕ್ಕು ಅಂಗಡಿಗೆ ಹೋದೆ.

ಮಧ್ಯಾಹ್ನ ಮೂರೂವರೆಗೆ ಅಂಗಡಿಯ ಫೋನು ರಿಂಗಾಯಿತು. ಪಕ್ಕದ ಮನೆಯ ಜೆರ್ಟ್ರೂಡ್ ಬಾಯಿ.

“ಉಮಾನಾಥರೇ, ಬೇಗ ಬನ್ನಿ! ನಿಮ್ಮ ಮಾವ ಬೊಬ್ಬೆ ಹೊಡೀತಿದ್ದಾರೆ. ನೀರು ನೀರು ಅಂತ ಹೇಳುದು, ಮುಳುಗಿತು ಅಂತ ಹೇಳುದು! ಅಯ್ಯೋ ದೇವಾ!” ಟಕ್, ಫೋನ್ ಕಟ್.

ನಮ್ಮ ಅಂಗಳದಲ್ಲಿ ನಲವತ್ತು ಅಡಿಯ ಬಾವಿ ಉಂಟು. ನನ್ನ ಎದೆ ಅದರೊಳಗೆ ಬಿತ್ತು! ಮನೆಗೆ ಫೋನ್ ಮಾಡಿದೆ. ಪ್ರಣೀತಾ ಎತ್ತಿದಳು, ಅಳುತ್ತಿದ್ದಳು.

“ಎಂತ ಆಯ್ತು? ಸೇವ್ ಆಯ್ತಾ?”

“ಇಲ್ಲ! ಸೇವ್ ಆಗ್ಲಿಲ್ಲ! ನೀರು ಕುತ್ತಿಗೆವರೆಗೆ ಬಂತು, ಅಪ್ಪ…” ಹಿಂದಿನಿಂದ ಮಾವನ ಆರ್ತನಾದ. ರಿಸೀವರ್ ಬಿದ್ದ ಸದ್ದು.

ಅನಂತರ ನಾನು ತೋರಿಸಿದ ಚುರುಕು ಇತಿಹಾಸದಲ್ಲಿ ದಾಖಲಾಗಬೇಕಾದದ್ದು! ಫೈರ್ ಸ್ಟೇಷನ್ನಿನ ನೂರಾ ಒಂದಕ್ಕೆ ಫೋನ್ ತಿರುಗಿಸಿ “ಮುದುಕರೊಬ್ಬರು ಬಾವಿಗೆ ಬಿದ್ದಿದ್ದಾರೆ” ಎಂದು ವಿಳಾಸ ಕೊಟ್ಟೆ. ಪಡುಬಿದ್ರಿಗೆ ಫೋನ್ ಮಾಡಿ, “ಕಮಲತ್ತೇ, ಸಿಟ್ಟು ಬಿಡಿ, ಅಣ್ಣನ ಮುಖ ನೋಡಬೇಕಾದರೆ ಈಗಲೇ ಹೊರಡಿ” ಎಂದು ಗದ್ಗದಿತನಾದೆ. ಅಂಗಡಿಯ ಶಟರ್ ಎಳೆದು ಸ್ಕೂಟರ್ ಹತ್ತಿದೆ.

ಮನೆ ಮುಟ್ಟುವಾಗ ಗೇಟಿನಲ್ಲಿ ಕೆಂಪು ಫೈರ್ ಇಂಜಿನ್. ಊರಿಗೆ ಊರೇ ಅಂಗಳದಲ್ಲಿ. ಬಾವಿಯ ಹತ್ತಿರ ಒಂದು ನರಪಿಳ್ಳೆಯಿಲ್ಲ! ನಾಲ್ಕು ಜನ ಅಗ್ನಿಶಾಮಕದವರು ಹಗ್ಗ ಹೆಗಲಿಗೆ ಹಾಕಿಕೊಂಡು ಸಾಲಾಗಿ ನಮ್ಮ ಹಾಲ್‌ನಲ್ಲಿ ನಿಂತಿದ್ದಾರೆ, ಕಂಪ್ಯೂಟರ್ ನೋಡುತ್ತಾ.

“ಕಾಲಿಗೆ ಪ್ಲಾಸ್ಟರ್ ಹಾಕಿದ ಮನುಷ್ಯ ಬಾವಿಯ ದಂಡೆ ಹತ್ತುದು ಹೇಗೆ?” ಪ್ರಣೀತಾ ಪಿಸುಗುಟ್ಟಿದಳು. “ಎಂತ ನಿಮ್ಮ ತಲೆ!”

ಮಾವ ಅಳುತ್ತಿದ್ದರು. ಮಗುವಿನ ಹಾಗೆ, ಮೂಗು ಒರೆಸಿಕೊಳ್ಳುವುದನ್ನೂ ಮರೆತು. ಆಟದಲ್ಲಿ ಪ್ರವಾಹ ಬಂದು, ಐದು ಗಂಟೆಗೆ ಕೊನೆಯ ದೋಣಿ ಹೊರಡಬೇಕಿತ್ತಂತೆ. ಕೋಳಿ ಹುಡುಗಿ ಬಂದಿರಲಿಲ್ಲ. ಐದು ಹೊಡೆಯಿತು. ಮೂವತ್ತು ವರ್ಷದ ಅಭ್ಯಾಸ. ಮಾವನ ಬೆರಳು ಸೀಟಿ ಒತ್ತಿತು. ದೋಣಿ ನಡುನೀರಿಗೆ ಬಂದಾಗ ಅವಳು ಕಟ್ಟೆಯ ಮೇಲೆ ಓಡಿ ಬಂದಳು. ಯಾವ ಗುಂಡಿ ಒತ್ತಿದರೂ ದೋಣಿ ಹಿಂದೆ ತಿರುಗಲಿಲ್ಲ. ಪರದೆಯ ಮೇಲೆ ಅವಳು ಕುತ್ತಿಗೆವರೆಗಿನ ನೀರಿನಲ್ಲಿ ಇನ್ನೂ ಕೈ ಬೀಸುತ್ತಲೇ ಇದ್ದಳು.

ಜೆರ್ಟ್ರೂಡ್ ಬಾಯಿ ಶಿಲುಬೆಯ ಗುರುತು ಹಾಕಿಕೊಂಡರು. ಬಣ್ಣದ ಚುಕ್ಕಿಗಳಿಂದ ಮಾಡಿದ ಒಂದು ಹುಡುಗಿಗಾಗಿ!

ಅಗ್ನಿಶಾಮಕದವರ ಮುಖಂಡ ಬಾಗಲಕೋಟೆ ಕಡೆಯ ಸಂಗಮೇಶ. ಸುಳ್ಳು ಕರೆಗೆ ನನ್ನನ್ನು ಹಿಡಿದು ಜಾಡಿಸಬೇಕಾಗಿದ್ದ ಆತ ಟೋಪಿ ತೆಗೆದು, “ಯಜಮಾನ್ರ, ಇನ್ನೊಮ್ಮೆ ಆಡ್ರಿ. ಆ ಕೂಸನ್ನ ಹತ್ತಿಸಿಕೊಳ್ರಿ. ನಾವು ನಿಂದರ್ತೀವಿ” ಎಂದ.

ಆಟದ ಆ ದಿನವನ್ನು ಅದರ ಬೆಳಗಿನಿಂದ ಮತ್ತೆ ಆಡುವ ದಾರಿಯನ್ನು ಪ್ರಣೀತಾ ಹುಡುಕಿ ತೆಗೆದಳು. ನನ್ನ ಕಡೆ ತಿರುಗಿ, “ನೀವು ಗೇಟಿನಲ್ಲಿ ನಿಲ್ಲಿ. ಬಂದವರಿಗೆಲ್ಲ ಯಾರೂ ಸಾಯ್ಲಿಲ್ಲ ಅಂತ ಹೇಳಿ” ಎಂದಳು. ನಿಂತೆ. ಹೇಳಿದೆ. ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ!

ಐದು ಗಂಟೆಗೆ ರಿಕ್ಷಾದಿಂದ ಕಮಲತ್ತೆ ಇಳಿದರು. ಫೈರ್ ಇಂಜಿನ್ ಕಂಡದ್ದೇ “ಅಣ್ಣಾ!” ಎಂದು ಕಿರುಚಿ ಚಪ್ಪಲಿ ಕಾಲಲ್ಲೇ ಒಳಗೆ ಓಡಿದರು. ನಾನು ಹಿಂದಿನಿಂದ ಓಡಿದೆ. ಹಾಲ್‌ನ ನಡುವೆ ಅವರು ಗಕ್ಕನೆ ನಿಂತರು. ಮಾವ ಜೀವಂತ!

ಮಾವ ಕುರ್ಚಿಯಲ್ಲೇ ತಂಗಿಯ ಕಡೆ ತಿರುಗಿದರು.

“ಕಮಲಾ, ಆ ದಿನ ನೀನು ಓಡಿ ಬರುದು ನನಗೆ ಕಂಡಿತ್ತು.”

“ಗೊತ್ತುಂಟು.”

“ಎಂತಕ್ಕೆ ಬಂದದ್ದು ಅಂತ ಗೊತ್ತಿರ್ಲಿಲ್ಲ. ಆದ್ರೆ ಕಂಡಿತ್ತು. ಒಂದು ನಿಮಿಷ ನಿಲ್ಲಿಸಬಹುದಿತ್ತು.”

ಕಮಲತ್ತೆ ಪ್ರಣೀತಾಳ ಕುರ್ಚಿ ಎಳೆದುಕೊಂಡು ಅಣ್ಣನ ಪಕ್ಕ ಕೂತರು. ಪರದೆಯಲ್ಲಿ ದೋಣಿ, ಪ್ರವಾಹ, ಗಡಿಯಾರದಲ್ಲಿ ಐದಕ್ಕೆ ಒಂದು ನಿಮಿಷ. ಏನೆಂದು ಯಾರೂ ಅವರಿಗೆ ವಿವರಿಸಲಿಲ್ಲ. ಐದು ಹೊಡೆಯಿತು. ಮಾವ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡರು! ಐದು ಒಂದು. ಐದು ಎರಡು. ಸಂಗಮೇಶ ಉಸಿರು ಬಿಡಲಿಲ್ಲ. ಐದು ನಾಲ್ಕಕ್ಕೆ ಹುಡುಗಿ ಓಡಿ ಬಂದು ಕೋಳಿಯ ಸಮೇತ ದೋಣಿಗೆ ಹಾರಿದಳು. ಸೀಟಿ! ದೋಣಿ ಆಚೆ ದಡ ಮುಟ್ಟಿತು.

“ನಾಲ್ಕು ನಿಮಿಷ ಲೇಟ್” ಎಂದರು ಮಾವ ಮೆಲ್ಲಗೆ. “ಯಾರೂ ಎಂತದೂ ಕೇಳ್ಲಿಲ್ಲ.”

ಕಮಲತ್ತೆ ಸೆರಗಿನಿಂದ ಅಣ್ಣನ ಮುಖ ಒರೆಸಿದರು.

ಇಂಥ ಗಳಿಗೆಯಲ್ಲಿ ಸುಮ್ಮನಿರುವುದು ದೊಡ್ಡವರ ಲಕ್ಷಣ. ನಾನು ಕೈ ಎತ್ತಿ ಭಾಷಣಕ್ಕೆ ನಿಂತೆ! “ನೋಡಿದಿರಾ? ನಾನು ಹೇಳಿರಲಿಲ್ಲವಾ? ಈ ಆಟದ ಶಕ್ತಿ ಈ ಉಡುಪಿ ಸೀಮೆಯಲ್ಲಿ ಮೊದಲು ತಿಳಿದವನು…”

“ಅಳಿಯಂದಿರೇ,” ಕಮಲತ್ತೆ ನಡುವೆ ಕೇಳಿದರು, “ಆ ಹುಡುಗಿಯ ಹೆಸರೆಂತ? ಚಂದ ಉಂಟು ಮಗು.”

ನಾನು ಸಿ.ಡಿ. ಡಬ್ಬ ಎತ್ತಿ ತಿರುಗಿಸಿ ನೋಡಿದೆ. ಅಂಗಳದ ಕಡೆಯ ಕಿಟಕಿಯಿಂದ ಇಣುಕುತ್ತಿದ್ದವರಿಗೂ ಅಷ್ಟರಲ್ಲಿ ಪರದೆ ನೋಡಿ ಆ ಹೆಸರು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಸಿ.ಡಿ. ಡಬ್ಬದ ಹಿಂಬದಿಯಲ್ಲಿ ಅದನ್ನು ಬರೆದಿರಲಿಲ್ಲ!

ಪ್ರಣೀತಾ ನಿಧಾನವಾಗಿ ತಿರುಗಿದಳು. “ನೀವು ಇದನ್ನು ಆಡಿದ್ದೀರಾ?”

“ಅದು… ಅಂಗಡಿಯಲ್ಲಿ ಪುರುಸೊತ್ತು…”

“ಎಷ್ಟು ಜನರಿಗೆ ಆಡಿ ಆಡಿ ಅಂತ ಹೇಳಿದ್ದೀರಿ ಮಾರಾಯ್ರೆ!”

ಮಾವ ಪ್ಲಾಸ್ಟರ್ ಕಾಲನ್ನು ಎತ್ತಿ ಪಕ್ಕಕ್ಕಿಟ್ಟು ಕುರ್ಚಿ ತೋರಿಸಿದರು. “ಕೂತುಕೊಳ್ಳಿ. ಮೊದಲು ಆಡಿ, ಮತ್ತೆ ಹೊಗಳಿ.”

ಕೂತೆ. ಹಿಂದೆ ಇಡೀ ಪರ್ಕಳ ನಿಂತಿತ್ತು. ಬಾಣದ ಗುಂಡಿ ಒತ್ತಿದೆ. ಮೊದಲ ಟ್ರಿಪ್ಪಿನಲ್ಲೇ ನನ್ನ ದೋಣಿ ಬಂಡೆಗೆ ಬಡಿದು ಹನ್ನೆರಡು ಜನ ಪ್ರಯಾಣಿಕರ ಸಮೇತ ಬುಳುಬುಳು ಮುಳುಗಿತು.

ಹೆಗಲ ಮೇಲೆ ಒಂದು ಕೈ ಬಿತ್ತು. ಸಂಗಮೇಶ!

“ಈಗ ಮಾಡ್ರಿ ಸರ, ನೂರಾ ಒಂದಕ್ಕ ಫೋನು!”